ಪೋಟಗಿ ಕೇಸು ಹೊಲದಾಗ ಸಿಕ್ಕಿತು

‘ನಂಬರಿಲ್ಲ, ಇಸ್ವಿ ಇಲ್ಲ, ಗಂಡ-ಹೆಂಡ್ತಿ ಇಬ್ಬರೂ ಇಲ್ಲ. ಏನ್ ಹುಡುಕಾಂವ ಅದಿ? ಬಾ, ಚಾ ಕುಡಿ.’

ನಾವು ಗುಮಾಸ್ತರು ಕೂರುವ ಬೆಂಚಿನ ಹಿರಿಯರೊಬ್ಬರು ಎಲ್ಲರೆದುರು ಹೀಗೆ ಹೇಳಿದಾಗ ನಾನೂ ನಕ್ಕಿದ್ದೆ. ಏಳು ತಿಂಗಳ ಮೇಲೆ ಅದೇ ಪೋಟಗಿ (ಹೆಂಡತಿಗೆ ಗಂಡ ಕೊಡಬೇಕಾದ ಜೀವನಾಂಶ) ಕೇಸಿನ ತೀರ್ಪಿನ ಸರ್ಟಿಫೈಡ್ ಕಾಪಿಯನ್ನು ಶಿಕ್ಕಾ ಸಮೇತ ಅವರ ಮುಂದೆ ಇಟ್ಟೆ. ಅವತ್ತಿನ ಚಾ ಅವರದೇ. ಆ ಹುಮ್ಮಸ್ಸು ಇಳಿಯುವುದರೊಳಗೆ ಬರೆದಿಡುತ್ತಿದ್ದೇನೆ.

ನಾನು ವಕೀಲನಲ್ಲ, ವಕೀಲರ ಗುಮಾಸ್ತ. ಬೆಳಗಾವಿ ಜಿಲ್ಲೆಯ ಕೋರ್ಟುಗಳಲ್ಲಿ ಇಪ್ಪತ್ತೆರಡು ವರ್ಷ ಫೈಲು ಹೊತ್ತಿದ್ದೇನೆ. ಯಾವ ಕೋರ್ಟಿನ ಕೇಸು ಇದು ಅಂತ ಹೇಳುವುದಿಲ್ಲ, ನಾಳೆ ಮುಂಜಾನೆ ಅಲ್ಲೇ ಮುಖ ತೋರಿಸಬೇಕು.

ಕೇಸು ತಂದವರು ಮಲಪ್ರಭಾ ದಂಡೆಯ ಒಂದು ಹಳ್ಳಿಯ ಅಕ್ಕಾರು, ವಯಸ್ಸು ಐವತ್ತರ ಮುಂದೆ. ಅಪ್ಪ ಇವರ ಅವ್ವನನ್ನು ಬಿಟ್ಟು ಇನ್ನೊಂದು ಮದುವೆಯಾಗಿದ್ದ. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಿನಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಕಾಯ್ದೆ ತಿದ್ದಿದ 2005ರಲ್ಲಿ ಅಪ್ಪ ಬದುಕಿರಲಿ ಬಿಡಲಿ ಅಂತ ಹೇಳಿದ ಮೇಲೆ ಇಂಥ ವಾಟ್ನಿ (ಆಸ್ತಿ ಪಾಲು) ದಾವೆಗಳು ನಮ್ಮ ಕಡೆ ಎಷ್ಟು ಬಂದವು ಅಂತ ನಿಮಗೂ ಗೊತ್ತು. ಅಕ್ಕಾರೂ ದಾವೆ ಹಾಕಿದರು. ಎದುರಿನವರು ಉತ್ತರದಲ್ಲಿ ಒಂದೇ ಸಾಲು ಬರೆದರು: ಈಕೆ ಅವನ ಮಗಳೇ ಅಲ್ಲ. ಜನ್ಮ ದಾಖಲೆ ಇಲ್ಲ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಸೋದರಮಾವನ ಹೆಸರು. ಉಳಿದದ್ದು ಒಂದೇ, ಅವ್ವ ಅಪ್ಪನ ಮೇಲೆ ಹಾಕಿದ್ದ ಕೇಸು. ‘ನಮ್ಮವ್ವ ಕೋರ್ಟಿಗೆ ಹೋಗಿ ಸೋಡಚೀಟಿ ತಗೊಂಡಿದ್ಲ್ರಿ, ಪೋಟಗಿನೂ ಹಚ್ಚಿಸಿದ್ಲು’ ಅನ್ನುವುದಷ್ಟೇ ಅಕ್ಕಾರಿಗೆ ನೆನಪು.

ಈ ಒಂದು ಮಾತು ನನ್ನನ್ನು ಎರಡು ತಿಂಗಳು ದಾರಿ ತಪ್ಪಿಸಿತು. ಸೋಡಚೀಟಿ ಅಂದಮೇಲೆ ವಿಚ್ಛೇದನ, ವಿಚ್ಛೇದನ ಅಂದಮೇಲೆ ಎಂ.ಸಿ. (ಗಂಡ-ಹೆಂಡತಿ ವ್ಯಾಜ್ಯದ) ರಜಿಸ್ಟರು ಅಂತ ಸೀದಾ ಅಲ್ಲಿಗೇ ಹೋದೆ. ಮೊದಲು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಚೀಟಿ ಬರೆದದ್ದು ಕೋರ್ಟಿನಲ್ಲೋ, ಪಂಚರ ಮುಂದೆ ಛಾಪಾ ಕಾಗದದ ಮೇಲೋ? ರೂಢಿಯ ಸೋಡಚೀಟಿಯನ್ನು ಹಿಂದೂ ವಿವಾಹ ಕಾಯ್ದೆಯೇ 29ನೇ ಕಲಮಿನಲ್ಲಿ ಹಾಗೇ ಉಳಿಸಿದೆ, ಅದಕ್ಕೆ ಕೋರ್ಟಿನ ಕಾಗದ ಇರುವುದೇ ಇಲ್ಲ. ಈಗ ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ ಇದೇ.

ಬಿದ್ದ ಗುಂಡಿಗಳನ್ನು ಹೇಳಿಬಿಡುತ್ತೇನೆ. ಕೋರ್ಟುಗಳ ವೆಬ್‌ಸೈಟು ಇ-ಕೋರ್ಟ್ಸ್‌ನಲ್ಲಿ ಮೂರು ದಿನ ಹೆಸರು ಹಾಕಿ ಹಾಕಿ ನೋಡಿದೆ. ಬಸವ್ವ ಅನ್ನುವಂಥ ಹೆಸರನ್ನು ಇಂಗ್ಲಿಷಿನಲ್ಲಿ ಆರು ತರಹ ಬರೆಯಬಹುದು ಅಂತ ಆಗ ಗೊತ್ತಾಯಿತು. ಕಂಪ್ಯೂಟರ್ ಪ್ರತಿ ಕೇಸಿಗೂ ಕೊಡುವ ಗುರುತು, 16 ಅಕ್ಷರ-ಅಂಕಿಯ ಸಿ.ಎನ್.ಆರ್. ಇದ್ದರೆ ಅದು ಬಂಗಾರ, ಆದರೆ ನಲವತ್ತು ವರ್ಷದ ಹಿಂದೆ ಮುಗಿದ ಕೇಸಿಗೆ ಅದು ಎಲ್ಲಿಂದ ಬರಬೇಕು? ಆಮೇಲೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅದು ತಿರುಗಿ ಬಂತು, ಬರಲೇಬೇಕಿತ್ತು. ಕೋರ್ಟಿನ ನಕಲು ಬೇಕಾದರೆ ಕೋರ್ಟಿನ ನಿಯಮದಂತೆಯೇ ಕೇಳಿ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿಯಾಗಿದೆ. ಗೊತ್ತಿದ್ದೂ ಹಾಕಿದ್ದೆ, ಹತ್ತು ರೂಪಾಯಿಯ ಆಸೆ. ಮೂರನೆಯದು ನಾಚಿಕೆಯ ಸಂಗತಿ. ‘ಒಳಗಿನವರು ನನಗ ಗೊತ್ತದಾರ’ ಅಂದ ಒಬ್ಬನಿಗೆ 2,000 ಕೊಟ್ಟೆ. ಹದಿನೈದು ದಿನ ಬಿಟ್ಟು ಬಂದು ‘ಸುಟ್ಟ ಹೋಗೇತ್ರಿ ಫೈಲು’ ಅಂದ. ಯಾವಾಗ ಸುಟ್ಟಿತು ಅಂದರೆ ಆಕಾಶ ನೋಡಿದ.

ಕೋರ್ಟಿನೊಳಗೆ ನಂಬರು ಹುಡುಕುವುದನ್ನು ಬಿಟ್ಟದ್ದು ಅಲ್ಲಿಂದ. ಅಕ್ಕಾರನ್ನು ಕೂರಿಸಿಕೊಂಡು ಬರೇ ಹರಟೆ ಹೊಡೆದೆ. ಎರಡು ಮಾತು ಸಿಕ್ಕವು. ಒಂದು, ‘ಗೋಕಾಕ ಚಳವಳಿ ಗದ್ಲದಾಗ ಬಸ್ ನಿಂತಿದ್ವು, ಅವ್ವ ತಾರೀಕಿಗೆ ನಡಕೋತ ಹೋಗಿದ್ಲು.’ ಅಂದರೆ 1982ರ ಹೊತ್ತಿಗೆ ಕೇಸು ನಡೆದಿತ್ತು. ಎರಡು, ‘ತಿಂಗಳಾ ಆರ್ನೂರಾ ಐವತ್ತ ಹಚ್ಚಿದ್ರು, ಅಂವ ಕೊಡಲಿಲ್ಲ, ಹೊಲದ ಮ್ಯಾಲ ಬೋಜಾ ಕುಂದ್ರಿಸಿದ್ರು.’

ಇದನ್ನು ಕೇಳಿದಾಗ ನನಗೆ ಮೈ ಜುಮ್ ಅಂದಿತು. ಬೋಜಾ ಅಂದರೆ ಬಾಕಿ ಹಣಕ್ಕಾಗಿ ಆಸ್ತಿಯ ದಾಖಲೆಯ ಮೇಲೆ ಹಾಕುವ ಹೊರೆ. ಪೋಟಗಿಗೆ ಆಗ ಮೂರು ಬಾಗಿಲು: ಮ್ಯಾಜಿಸ್ಟ್ರೇಟರ ಮುಂದೆ ಹಳೆ ಕ್ರಿಮಿನಲ್ ಪ್ರೊಸೀಜರ್ ಕೋಡಿನ 125ನೇ ಕಲಮಿನ ಕ್ರಿಮಿನಲ್ ಮಿಸ್ ಅರ್ಜಿ, ಹಿಂದೂ ವಿವಾಹ ಕಾಯ್ದೆಯ ಎಂ.ಸಿ., 1956ರ ದತ್ತಕ ಮತ್ತು ಪೋಷಣೆ ಕಾಯ್ದೆಯ ಕೆಳಗೆ ಓ.ಎಸ್. (ಸಾದಾ ಸಿವಿಲ್ ದಾವೆ). ಮೂರಕ್ಕೂ ರಜಿಸ್ಟರು ಬೇರೆ ಬೇರೆ. 2001ರ ತಿದ್ದುಪಡಿ ಬರುವ ತನಕ 125ರಲ್ಲಿ ಒಬ್ಬರಿಗೆ ತಿಂಗಳಿಗೆ 500 ರೂಪಾಯಿ ಮೇಲೆ ಕೊಡುವ ಹಾಗಿರಲಿಲ್ಲ. ಇಲ್ಲಿ 650. ಮೇಲಾಗಿ ಹೊಲದ ಮೇಲೆ ಬೋಜಾ. ಆ ಬಾಗಿಲು ಮುಚ್ಚಿತು. ಉಳಿದದ್ದು ಎರಡು.

ಬೋಜಾ ಇದ್ದರೆ ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಇರಬೇಕು. ಈಗಿನ ಕಂಪ್ಯೂಟರ್ ಉತಾರದಲ್ಲಿ ಏನೂ ಇರಲಿಲ್ಲ, ಅವ್ವ ತೀರಿದ ಮೇಲೆ ತೆಗೆಸಿಬಿಟ್ಟಿದ್ದಾರೆ. ಕೈಬರಹದ ಹಳೆ ಉತಾರ, ಹಳೆ ಫೇರಫಾರ (ಹೊಲದ ಹಕ್ಕು ಬದಲಾವಣೆಯ ದಾಖಲೆ) ಬೇಕು ಅಂತ ತಹಸೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ. ನಾಲ್ಕು ಸಲ ಓಡಾಡಿದ ಮೇಲೆ ಹಾಳೆ ಕೈಗೆ ಬಂತು. ಅಂಚು ಗೆದ್ದಲು ತಿಂದಿತ್ತು, ತಲಾಠಿಯ (ಗ್ರಾಮ ಲೆಕ್ಕಿಗನ) ಅಕ್ಷರ ಇರುವೆ ಸಾಲಿನ ಹಾಗೆ. ಅದರಲ್ಲಿ: ‘ಸಿವಿಲ್ ಕೋರ್ಟ ದ. ನಂ. 41/84 ಅನ್ವಯ ಪೋಟಗಿ ಬೋಜಾ ದಾಖಲ.’ (ನಂಬರು ಬದಲಿಸಿ ಬರೆದಿದ್ದೇನೆ.)

ನಂಬರು ಸಿಕ್ಕಿತು ಅಂತ ಕುಣಿದೆ. ಓ.ಎಸ್. 41/84 ಅಂತ ಬರೆದುಕೊಟ್ಟು ಬಸ್ತಾ ತರಿಸಿದೆ. ಕೆಂಪು ಬಟ್ಟೆ ಬಿಚ್ಚಿದರೆ ಪಂಪ್‌ಸೆಟ್ಟಿನ ಸಾಲದ ದಾವೆ. ಎಂ.ಸಿ. 41/84 ನೋಡಿಸಿದೆ, ಅದೂ ಬೇರೆ ಯಾರದೋ ಗಂಡ-ಹೆಂಡತಿ. ಬೆಂಚಿನ ಮೇಲೆ ಮತ್ತೆ ನಗು. ‘ಹೊಲದಾಗ ಕೇಸ್ ಹುಡುಕಾಕ ಹೋಗಿದ್ದ, ಪಂಪ್ ಸಿಕ್ತು ನೋಡ್ರಿ.’ ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದೆ.

ನಸುಕಿನಲ್ಲಿ ಎಚ್ಚರಾದಾಗ ತಲೆಯಲ್ಲಿ ಆ ‘ದ.’ ಒಂದೇ ಕುಂತಿತ್ತು. ನಾನು ಅದನ್ನು ದಾವಾ ಅಂತ ಓದಿದ್ದೆ. ನಮ್ಮದು 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು. ತೀರ್ಪನ್ನು ಜಾರಿ ಮಾಡಿಸುವ ಎಕ್ಸಿಕ್ಯೂಶನ್ ಅರ್ಜಿಗೆ ಇಲ್ಲಿಯ ಹಳಬರು ಇವತ್ತಿಗೂ ದರಖಾಸ್ತ ಅನ್ನುತ್ತಾರೆ. ಗಂಡ ದುಡ್ಡು ಕೊಡದಿದ್ದಾಗ ಆ ತಾಯಿ ದರಖಾಸ್ತ ಹಾಕಿದ್ದಾಳೆ, ತಲಾಠಿ ಅದರ ನಂಬರು ಬರೆದುಕೊಂಡಿದ್ದಾನೆ! ದರಖಾಸ್ತ ರಜಿಸ್ಟರಿನಲ್ಲಿ 41/84 ತೆಗೆಸಿದರೆ ಹೆಸರು ಸರಿ, ಊರು ಸರಿ, ಪಕ್ಕದ ಅಂಕಣದಲ್ಲಿ ಮೂಲ ಡಿಕ್ರಿಯ ನಂಬರು. 1981ರ ಓ.ಎಸ್. ವಿಚ್ಛೇದನದ ಮಾತೇ ಇಲ್ಲ, ಬರೇ ಪೋಟಗಿ ದಾವೆ. ಎಂ.ಸಿ. ರಜಿಸ್ಟರಿನಲ್ಲಿ ನೂರು ವರ್ಷ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಇಷ್ಟು ಹಳೆಯದನ್ನು ಈಗಿನ ಕೌಟುಂಬಿಕ ನ್ಯಾಯಾಲಯದಲ್ಲಿ ಕೇಳಿ ಬೈಸಿಕೊಂಡವರಿದ್ದಾರೆ. 1984ರ ಕಾಯ್ದೆಯ ಪ್ರಕಾರ ಆ ಕೋರ್ಟು ಶುರುವಾದಾಗ ಅದಕ್ಕೆ ಹೋದದ್ದು ನಡೆಯುತ್ತಿದ್ದ ಕೇಸುಗಳು. ಮುಗಿದವು ಹಳೆ ಕೋರ್ಟಿನ ರೆಕಾರ್ಡ್ ರೂಮಿನಲ್ಲೇ. ವರ್ಗವಾಗಿ ಹೋದವುಗಳಿಗೆ ಹೊಸ ನಂಬರು ಬಿದ್ದಿರುತ್ತದೆ, ಹಳೆ ನಂಬರು ಹಿಡಿದು ಅಲೆದರೆ ಕಾಲು ನೋವಷ್ಟೇ. ಹೈಕೋರ್ಟಿಗೆ ಅಪೀಲು ಆಗಿದ್ದರೆ ಮೂಲ ಕಡತ ಅಲ್ಲಿಗೆ ಹೋಗಿರುತ್ತದೆ: 2008ರ ಮೊದಲಾದರೆ ಬೆಂಗಳೂರು, ಆಮೇಲೆ ನಮಗೂ ಬಾಗಲಕೋಟೆಗೂ ಧಾರವಾಡ, ವಿಜಯಪುರಕ್ಕೆ ಕಲಬುರಗಿ. ಹಿಂದೊಮ್ಮೆ ಒಂದು ಕಡತಕ್ಕಾಗಿ ಐದು ತಿಂಗಳು ಬೆಳಗಾವಿಯಲ್ಲಿ ಅಲೆದಿದ್ದೆ, ಅದು ಧಾರವಾಡದಲ್ಲಿ ತಣ್ಣಗೆ ಕುಂತಿತ್ತು.

ನಕಲು ಅರ್ಜಿಯ ದಿನ ಇನ್ನೊಂದು ಅಡ್ಡಗಾಲು. ಅಕ್ಕಾರು ಆ ದಾವೆಯ ಪಕ್ಷಕಾರರಲ್ಲ, ಮೂರನೆಯವರು. ‘ಫ್ಯಾಮಿಲಿ ಮ್ಯಾಟರ್ ಐತಿ, ಇನ್ ಕ್ಯಾಮೆರಾ, ಹೊರಗಿನವ್ರಿಗೆ ಕೊಡಂಗಿಲ್ಲ’ ಅಂದರು ಕೌಂಟರಿನವರು. ಇನ್ ಕ್ಯಾಮೆರಾ ಅನ್ನುವುದು ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಸಲಿಕ್ಕೆ, ನಡೆದದ್ದನ್ನು ಅಚ್ಚು ಹಾಕದಿರಲಿಕ್ಕೆ. ಅದು ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು. ನಮ್ಮದು ಆ ಕಾಯ್ದೆಯ ಕೇಸೇ ಅಲ್ಲ, ಸಾದಾ ಸಿವಿಲ್ ದಾವೆ. ಮೂರನೆಯವರಿಗೆ ನಕಲು ಬೇಕಾದರೆ ಕಾರಣ ಹೇಳಿ ಪ್ರಮಾಣಪತ್ರ ಹಾಕಬೇಕು, ಜಡ್ಜ್ ಸಾಹೇಬರ ಆದೇಶ ಬೇಕು, ಅಷ್ಟೇ. ತಾಯಿಯ ಮರಣ ದಾಖಲೆ, ವಂಶಾವಳಿ, ನಡೆಯುತ್ತಿರುವ ವಾಟ್ನಿ ದಾವೆಯ ನಂಬರು ಲಗತ್ತಿಸಿದೆ. ಪ್ರಮಾಣಪತ್ರದಲ್ಲಿ ಒಂದು ಸಾಲನ್ನು ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ಅದರ ಮೇಲೆಯೇ ಆದೇಶ ಆಯಿತು, ಅದೇ ನನ್ನ ಹೊಟ್ಟೆಪಾಡು.

ಬಸ್ತಾ ಬಂದಾಗ ಒಳಗೆ ಅರ್ಧಕ್ಕರ್ಧ ಖಾಲಿ. ವಾದಪತ್ರ, ಸಾಕ್ಷಿ ಹೇಳಿಕೆ, ಎಲ್ಲ ಅವಧಿ ಮುಗಿದು ನಾಶವಾಗಿದ್ದವು. ಎದೆ ಒಡೆದಂತಾಯಿತು, ಏಕೆಂದರೆ ನಮಗೆ ಬೇಕಿದ್ದುದು ಡಿಕ್ರಿಯಲ್ಲ, ಅಪ್ಪನ ಉತ್ತರ. ಆದರೆ ತೀರ್ಪು ಇತ್ತು, ಟೈಪ್ ಮಾಡಿದ ಒಂಬತ್ತು ಪುಟ. ಮೂರನೇ ಪುಟದಲ್ಲಿ ನ್ಯಾಯಾಧೀಶರು ಇಬ್ಬರ ವಾದವನ್ನೂ ಬರೆದಿದ್ದರು: ಪ್ರತಿವಾದಿ ಮದುವೆಯನ್ನೂ, ಆ ಮದುವೆಯಿಂದ ಒಬ್ಬ ಮಗಳು ಹುಟ್ಟಿದ್ದನ್ನೂ ಒಪ್ಪಿದ್ದಾನೆ, ತಕರಾರು ಬರೇ ಮೊತ್ತದ್ದು. ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ಅಕ್ಕಾರಿಗೆ ಕನ್ನಡದಲ್ಲಿ ಹೇಳಿದೆ. ‘ಇನ್ನೊಮ್ಮಿ ಓದ್ರಿ’ ಅಂದರು. ಓದಿದೆ. ಸೆರಗಿನಿಂದ ಮೂಗು ಒರೆಸಿಕೊಂಡು, ‘ಅಷ್ಟರ ಖರೇ ಹೇಳ್ಯಾನ’ ಅಂದರು.

ದುಡ್ಡಿನ ಲೆಕ್ಕ ಬಾಯಿಲೆಕ್ಕದಲ್ಲಿ: ಮೋಸ ಹೋದದ್ದು 2,000, ಬಸ್ಸು-ಚಾ 900ರ ಆಸುಪಾಸು, ಹಳೆ ಫೇರಫಾರ, ನೋಟರಿ, ನಕಲಿನ ಖರ್ಚು ಎಲ್ಲ ಸೇರಿ ಸಾವಿರದ ಇನ್ನೂರೋ ಮುನ್ನೂರೋ. ಅಕ್ಕಾರು ಕೊಟ್ಟದ್ದು 5,000. ಏಳು ತಿಂಗಳಿಗೆ ನನಗೆ ಉಳಿದದ್ದು ಎಂಟುನೂರು. ಅದಾದ ಮೇಲೆ ಮೂವರು ವಕೀಲರು ‘ಹುಡುಕೋ ಕೆಲಸ ಇವಂಗ ಕೊಡ್ರಿ’ ಅಂತ ಕಳಿಸಿದ್ದಾರೆ, ಹೀಗಾಗಿ ನಷ್ಟ ಅನ್ನಲಾರೆ.

ಅವುಗಳಲ್ಲಿ ವಿಜಯಪುರದ ಒಂದು ಬೇಗ ಮುಗಿಯಿತು. ಮುಸ್ಲಿಂ ಹೆಣ್ಣುಮಗಳು, 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ಕೆಳಗೆ ತಾನೇ ಬಿಡುಗಡೆ ಕೇಳಿದ ದಾವೆ. ಎಲ್ಲರೂ ಎಂ.ಸಿ. ನೋಡಿ ಕೈಬಿಟ್ಟಿದ್ದರು, ನಾನು ಓ.ಎಸ್. ರಜಿಸ್ಟರು ತೆಗೆಸಿದೆ, ಎರಡನೇ ದಿನಕ್ಕೆ ಸಿಕ್ಕಿತು. ಬೆಳಗಾವಿಯ ಇನ್ನೊಂದು, 1955ಕ್ಕಿಂತ ಹಳೆಯದು, ಮುಂಬಯಿಯ 1947ರ ಹಿಂದೂ ವಿಚ್ಛೇದನ ಕಾಯ್ದೆಯ ಕಾಲದ್ದು. ಅದರ ಜೊತೆಗಿದ್ದ ಮೋಡಿ (ಮರಾಠಿಯ ಹಳೆ ಲಿಪಿ) ಅಕ್ಷರದ ಕಾಗದ ಓದಿಸಲು ಒಬ್ಬ ಅಜ್ಜನನ್ನು ಹುಡುಕಿದ್ದೇ ಒಂದು ಕಥೆ. ಅಜ್ಜ ದುಡ್ಡು ಮುಟ್ಟಲಿಲ್ಲ, ಕುಂದಾ ಕೇಳಿದ.

ಈಗ ಕೈಯಲ್ಲಿರುವುದು ಬಾಗಲಕೋಟೆಯದು. ಹೊಲ ಆಲಮಟ್ಟಿ ಹಿನ್ನೀರಿನಲ್ಲಿದೆ, ಈಗಿನ ಉತಾರದಿಂದ ಏನೂ ಹೊರಡುವುದಿಲ್ಲ. ಆದರೆ ಬೋಜಾ ಇದ್ದ ಹೊಲ ಸರ್ಕಾರ ತೆಗೆದುಕೊಂಡರೆ ಪರಿಹಾರದಲ್ಲಿ ಪಾಲು ಕೇಳಲು ಹೆಂಡತಿ ಬಂದೇ ಬಂದಿರುತ್ತಾಳೆ. 1894ರ ಭೂಸ್ವಾಧೀನ ಕಾಯ್ದೆಯ 30ನೇ ಕಲಮಿನ ತಕರಾರಾಗಿ ಅದು ಕೋರ್ಟಿಗೂ ಹೋಗಿರಬಹುದು. ಹೋಗಿದ್ದರೆ ಆ ಅರ್ಜಿಯಲ್ಲಿ ಪೋಟಗಿ ದಾವೆಯ ನಂಬರು ಇರಲೇಬೇಕು. 1997ರ ತನಕ ಅದೂ ವಿಜಯಪುರ ಜಿಲ್ಲೆಯೇ ಆಗಿದ್ದರಿಂದ ಎರಡೂ ಕಡೆ ನೋಡಬೇಕು. ಬುಧವಾರ ಬಾಗಲಕೋಟೆಯ ನವನಗರಕ್ಕೆ ಹೊರಟಿದ್ದೇನೆ. ಬೆಂಚಿನ ಹಿರಿಯರು ಈಗಾಗಲೇ ಹೇಳಿಯಾಗಿದೆ: ‘ಈ ಸಲ ಹೊಳ್ಯಾಗ ಹುಡುಕಾವ ಅದಾನು.’