ನಾಯಿ ಜೊತೆ ಬೇಸಿಕ್ ಟ್ರೇನಿಂಗ್ ಕ್ಲಾಸ್ ಪೂರ್ತಿ ಮುಗಿಸೋದು ಹೇಗೆ?

ಬೇಸಿಕ್ ಒಬೀಡಿಯನ್ಸ್ ಕ್ಲಾಸ್, ಅಂದರೆ ನಾಯಿಗೆ ಮಾತು ಕೇಳುವುದನ್ನು ಕಲಿಸುವ ಕ್ಲಾಸ್, ಸಾಮಾನ್ಯವಾಗಿ 6ರಿಂದ 8 ವಾರ ನಡೆಯುತ್ತದೆ. ವಾರಕ್ಕೊಂದು ಸಲ, ಹೆಚ್ಚುಕಮ್ಮಿ ಒಂದು ಗಂಟೆ. ಉತ್ಸಾಹದಿಂದ ಸೇರಿ ಅರ್ಧಕ್ಕೇ ಬಿಡುವವರಿಗೇನೂ ಕಮ್ಮಿ ಇಲ್ಲ, ಕೇಳಿದರೆ "ನಮ್ಮ ನಾಯಿ ಮಾತೇ ಕೇಳಲ್ಲ" ಅನ್ನುತ್ತಾರೆ. ಅಲ್ಲಾ ಸ್ವಾಮಿ, ವಾರಕ್ಕೆ ಒಂದು ಗಂಟೆಯಲ್ಲಿ ಯಾವ ನಾಯಿ ತಾನೇ ಕಲಿಯುತ್ತದೆ? ಹೇಗೆ ಕಲಿಸಬೇಕು ಅಂತ ಟ್ರೇನರ್ ನಿಮಗೆ ತೋರಿಸಿ ಕಳಿಸುತ್ತಾರೆ ಅಷ್ಟೆ. ಕಲಿಸುವ ಕೆಲಸ ಉಳಿದ ಆರು ದಿನ ಮನೆಯಲ್ಲಿ ಆಗಬೇಕು, ದಿನಕ್ಕೆ ಮೂರ್ನಾಲ್ಕು ಸಲ, ಒಂದೊಂದು ಸಲಕ್ಕೆ ಐದು ನಿಮಿಷ ಸಾಕು. ಅದಕ್ಕಿಂತ ಎಳೆದರೆ ನಾಯಿಗೂ ಬೇಜಾರು, ನಿಮಗೂ ಸಿಟ್ಟು.

ಸೇರುವ ಮುಂಚೆ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಂದು ಕ್ಲಾಸ್ ಸುಮ್ನೆ ಕೂತು ನೋಡಿ ಬನ್ನಿ. ಟ್ರೇನರ್ ಕತ್ತಿನ ಪಟ್ಟಿ ಜಗ್ಗುತ್ತಿದ್ದರೆ, ಚೋಕ್ ಚೈನ್ (ಎಳೆದರೆ ಕತ್ತು ಬಿಗಿಯುವ ಸರಪಳಿ) ಹಾಕಿಸುತ್ತಿದ್ದರೆ, ನಾಯಿಗಳು ಬಾಲ ಮುದುಡಿಕೊಂಡು ನಿಂತಿದ್ದರೆ ಆ ಕಡೆ ಹೋಗಲೇಬೇಡಿ. ಲಸಿಕೆ ಪುಸ್ತಕ ಹೆಚ್ಚಿನ ಕಡೆ ಕೇಳುತ್ತಾರೆ. ಮರಿಯಾದರೆ ಎಲ್ಲ ಲಸಿಕೆ ಮುಗಿಯಲಿ ಅಂತ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಮೊದಲ ಲಸಿಕೆ ಹಾಕಿಸಿ ಕನಿಷ್ಠ ಒಂದು ವಾರ ಆಗಿದ್ದರೆ ಮರಿಗಳ ಕ್ಲಾಸಿಗೆ ಕರೆದುಕೊಂಡು ಹೋಗಬಹುದು, ಆದರೂ ನಿಮ್ಮ ಪಶುವೈದ್ಯರನ್ನು ಒಂದು ಮಾತು ಕೇಳಿ. ಹುಟ್ಟಿದ ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಹೊಸ ಜನ, ಹೊಸ ಸದ್ದು ಎಲ್ಲದಕ್ಕೂ ಬೇಗ ಹೊಂದಿಕೊಳ್ಳುತ್ತದೆ. ಆ ಸಮಯ ಮತ್ತೆ ಸಿಗುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಮಾಮೂಲಿ ಬೆಲ್ಟ್ ಅಥವಾ ಹಾರ್ನೆಸ್ (ಎದೆಗೆ ಹಾಕುವ ಪಟ್ಟಿ), 6 ಅಡಿಯ ಲೀಶ್ (ನಾಯಿ ಹಿಡಿಯುವ ಹಗ್ಗ). ಬಟನ್ ಒತ್ತಿದರೆ ಉದ್ದ ಆಗುವ ಲೀಶ್ ಕ್ಲಾಸಿಗೆ ತರಬೇಡಿ, ಅದು ಎಳೆದಷ್ಟೂ ಬಿಡುತ್ತದೆ, ನಾಯಿ ಎಳೆಯುವುದನ್ನೇ ಕಲಿಯುತ್ತದೆ. ಟ್ರೀಟ್ ಬಟಾಣಿ ಕಾಳಿಗಿಂತ ದೊಡ್ಡದು ಬೇಡ. ಮೆತ್ತಗಿರಲಿ, ವಾಸನೆ ಇರಲಿ, ಒಂದೇ ಗುಟುಕಿಗೆ ಒಳಗೆ ಹೋಗಲಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇರುವ ಯಾವುದೂ ನಾಯಿ ಬಾಯಿಗೆ ಹೋಗಬಾರದು.

ಇಡೀ ಕ್ಲಾಸಿನ ಗುಟ್ಟು ಇರುವುದು ಸಮಯ ನೋಡಿ ಕೊಡುವುದರಲ್ಲಿ. "ಸಿಟ್" ಕಲಿಸುವುದನ್ನೇ ನೋಡಿ. ಟ್ರೀಟ್ ಹಿಡಿದ ಬೆರಳು ನಾಯಿಯ ಮೂಗಿನ ಹತ್ತಿರ ಇಟ್ಟು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂಗು ಮೇಲೆ ಹೋದ ಹಾಗೆ ಹಿಂಭಾಗ ತಾನಾಗಿ ಕೆಳಗೆ ಬರುತ್ತದೆ. ಕೈ ತುಂಬಾ ಎತ್ತರ ಹೋದರೆ ನಾಯಿ ನೆಗೆಯುತ್ತದೆ, ಆಗ ಕೈ ತಗ್ಗಿಸಿ. ಸೊಂಟ ಅದುಮಿ ಕೂರಿಸಬೇಡಿ. ಹಿಂಭಾಗ ನೆಲ ಮುಟ್ಟಿದ ಆ ಕ್ಷಣಕ್ಕೇ "ಯೆಸ್" ಅನ್ನಬೇಕು, ಆಮೇಲೆ ಟ್ರೀಟ್. ನೀವು ಜೇಬು ತಡಕಿ ಟ್ರೀಟ್ ತೆಗೆಯುವಷ್ಟರಲ್ಲಿ ನಾಯಿ ಎದ್ದು ನಿಂತರೆ ನೀವು ಬಹುಮಾನ ಕೊಟ್ಟಿದ್ದು ಎದ್ದಿದ್ದಕ್ಕೆ! ಕ್ಲಿಕ್ಕರ್ ಅನ್ನುವ, ಕೈಯಲ್ಲಿ ಒತ್ತುವ ಪುಟ್ಟ ಸಾಧನದ ಕೆಲಸವೂ ಇದೇ, "ಯೆಸ್" ಬದಲು ಟಿಕ್ ಅನ್ನುತ್ತದೆ. ಕೈ ನೋಡಿ ಸರಾಗವಾಗಿ ಕೂರಲು ಶುರು ಮಾಡಿದ ಮೇಲೆ ಮಾತು ಸೇರಿಸಿ, ಒಂದೇ ಸಲ ಹೇಳಿ. "ಸಿಟ್, ಸಿಟ್, ಸಿಟ್" ಅಂತ ಜಪ ಮಾಡಿದರೆ ಮೂರನೇ ಸಲಕ್ಕೆ ಕೂತರೆ ಸಾಕು ಅಂತ ನಾಯಿ ಲೆಕ್ಕ ಹಾಕಿಕೊಳ್ಳುತ್ತದೆ. ಮನೆಯಲ್ಲಿ ಅಪ್ಪ "ಸಿಟ್", ಅಜ್ಜಿ "ಕೂತ್ಕೋ", ಮಗಳು "ಸಿಟ್ ಡೌನ್" ಅಂದರೆ ಪಾಪ ಅದಾದರೂ ಏನು ಮಾಡಬೇಕು. ಪದಗಳ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. "ಡೌನ್" (ಮಲಗಿಸುವುದು) ಸುಲಭ: ಕೂತ ನಾಯಿಯ ಮೂಗಿನಿಂದ ಟ್ರೀಟನ್ನು ಮುಂಗಾಲುಗಳ ನಡುವೆ ನೆಲಕ್ಕೆ ಇಳಿಸಿ, ಅಷ್ಟೆ.

ಹೆಚ್ಚಿನವರು ಸಿಕ್ಕಿಕೊಳ್ಳುವುದು "ಸ್ಟೇ"ನಲ್ಲಿ, ಅಂದರೆ ಬಿಡುವವರೆಗೆ ಕದಲದೆ ಇರುವುದರಲ್ಲಿ. ಇಲ್ಲಿ ಮೂರು ವಿಷಯ ಇವೆ: ಎಷ್ಟು ಹೊತ್ತು, ಎಷ್ಟು ದೂರ, ಸುತ್ತ ಎಷ್ಟು ಗಲಾಟೆ. ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಮೊದಲು ಎದುರಿಗೇ ನಿಂತು ಎರಡು ಸೆಕೆಂಡ್. ಅದು 20-30 ಸೆಕೆಂಡಿಗೆ ಬಂದ ಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ, ಹಾಗೆ ಹೋದಾಗ ಹೊತ್ತನ್ನು ಮತ್ತೆ ಎರಡು ಸೆಕೆಂಡಿಗೆ ಇಳಿಸಿ. ಟ್ರೀಟ್ ಕೊಡಲು ನೀವೇ ನಾಯಿ ಹತ್ತಿರ ಹೋಗಬೇಕು, ಅದನ್ನು ಕರೆದು ಕೊಟ್ಟರೆ ಎದ್ದು ಬರಲು ಕಾಯುತ್ತಾ ಕೂರುತ್ತದೆ. ಮುಗಿಯಿತು ಅನ್ನಲು "ಫ್ರೀ" ಥರ ಒಂದು ಪದ ಇಟ್ಟುಕೊಳ್ಳಿ. ಎರಡು ಸಲ ಸತತವಾಗಿ ಎದ್ದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಒಂದು ಮೆಟ್ಟಿಲು ಇಳಿಯಿರಿ.

"ಕಮ್" ಪ್ರಾಣ ಉಳಿಸುವ ಪಾಠ, ಅದನ್ನು ಹಾಳು ಮಾಡುವುದೂ ಅಷ್ಟೇ ಸುಲಭ. ಕರೆದು ಬೈಯಬೇಡಿ, ಕರೆದು ಸ್ನಾನಕ್ಕೆ ಎಳೆಯಬೇಡಿ. ಆಟದ ಮಧ್ಯೆ ಕರೆಯಿರಿ, ಬಂದಾಗ ಒಳ್ಳೆಯ ಟ್ರೀಟ್ ಕೊಡಿ, ಮತ್ತೆ ಆಟಕ್ಕೆ ಬಿಡಿ. ಬಯಲಲ್ಲಿ 10 ಮೀಟರ್ ಉದ್ದದ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿ. ಬರದಿದ್ದರೆ ಅದರ ಹಿಂದೆ ಓಡಬೇಡಿ, ನೀವು ಉಲ್ಟಾ ಓಡಿ, ಅಟ್ಟಿಸಿಕೊಂಡು ಬರುತ್ತದೆ.

ನಡೆಯುವಾಗ ನಾಯಿ ಲೀಶ್ ಎಳೆದರೆ ನಿಂತುಬಿಡಿ. ಲೀಶ್ ಸಡಿಲವಾದ ಮೇಲೆ ನಡೆಯಿರಿ. ಮೊದಲ ದಿನ ಗೇಟೂ ದಾಟುವುದಿಲ್ಲ, ಪರವಾಗಿಲ್ಲ.

ಕ್ಲಾಸಿನ ದಿನ ಊಟ ಸ್ವಲ್ಪ ಕಮ್ಮಿ ಹಾಕಿ. ಮನೆಯಲ್ಲಿ ಚೆನ್ನಾಗಿ ಮಾಡುವ ನಾಯಿ ಅಲ್ಲಿ ಏನೂ ಗೊತ್ತಿಲ್ಲದ ಹಾಗೆ ನಿಂತರೆ ನಾಚಿಕೊಳ್ಳಬೇಡಿ, ಹೊಸ ಜಾಗದಲ್ಲಿ ಅದಕ್ಕೆ ಎಲ್ಲವೂ ಹೊಸತೇ. ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು ಕಂಡರೆ ಅದಕ್ಕೆ ಹೆದರಿಕೆಯೋ ಒತ್ತಡವೋ ಆಗಿರಬಹುದು, ಟ್ರೇನರ್‌ಗೆ ಹೇಳಿ ಬೇರೆ ನಾಯಿಗಳಿಂದ ದೂರದ ಮೂಲೆಗೆ ಹೋಗಿ.

ಕೊನೆಗೆ ಕೆಲವು ಕಡೆ ಪರೀಕ್ಷೆ ಇರುತ್ತದೆ. ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಶುರು ಮಾಡಿದ ಕೆನೈನ್ ಗುಡ್ ಸಿಟಿಝನ್ ಪರೀಕ್ಷೆಯಲ್ಲಿ 10 ಭಾಗಗಳಿವೆ, ಅಲ್ಲಿ ನಾಯಿಯನ್ನು ಹೊಗಳಬಹುದು, ಆದರೆ ಟ್ರೀಟ್ ಕೊಡುವಂತಿಲ್ಲ. ನಿಮ್ಮ ಕ್ಲಾಸಿನ ನಿಯಮ ಏನು ಅಂತ ಮೊದಲೇ ಕೇಳಿ. ಟ್ರೀಟ್ ಇಲ್ಲ ಅಂದರೆ ಅರ್ಧ ಕೋರ್ಸ್ ಆದಾಗಿನಿಂದಲೇ, ಚೆನ್ನಾಗಿ ಬರುವ ಪಾಠಗಳಿಗೆ ಎರಡು ಸಲಕ್ಕೊಮ್ಮೆ, ಆಮೇಲೆ ಐದು ಸಲಕ್ಕೊಮ್ಮೆ, ಯಾವಾಗ ಸಿಗುತ್ತದೆ ಅಂತ ನಾಯಿಗೆ ಊಹಿಸಲು ಆಗದ ಹಾಗೆ ಕೊಡುತ್ತಾ ಬನ್ನಿ. ಪರೀಕ್ಷೆಯ ದಿನ ಅರ್ಧ ಗಂಟೆ ಮುಂಚೆ ಹೋಗಿ, ಜಾಗ ಮೂಸಲು ಬಿಡಿ, ಉಚ್ಚೆ ಕಕ್ಕ ಮುಗಿಸಿಕೊಂಡೇ ಒಳಗೆ ಕರೆದುಕೊಂಡು ಹೋಗಿ. ಪಾಸಾಗದಿದ್ದರೆ ಯಾವ ಭಾಗದಲ್ಲಿ ಕೈಕೊಟ್ಟಿತು ಅಂತ ಕೇಳಿ ಬರೆದುಕೊಳ್ಳಿ, ಮುಂದಿನ ಸಲದವರೆಗೆ ಅದೊಂದನ್ನೇ ಜಾಸ್ತಿ ಮಾಡಿಸಿ.