ಸಿಸ್ಟಮ್ಸ್ ಎಂಜಿನಿಯರಿಂಗ್ ಓದಿಗೆ ಸಾಲ: ಸಹಿ ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಶಿಕ್ಷಣ ಸಾಲ ಮಂಜೂರಾದಾಗ ಪತ್ರದಲ್ಲಿ ಕಾಣುವ ಮೊತ್ತವನ್ನೇ ಸಾಲವೆಂದುಕೊಳ್ಳುತ್ತೇವೆ. ಕಾಲೇಜಿನ ಜಾಹೀರಾತಿನಲ್ಲಿ ಕಾಣುವ ಪ್ಯಾಕೇಜನ್ನೇ ಸಂಬಳವೆಂದುಕೊಳ್ಳುತ್ತೇವೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಕೋರ್ಸೂ ಲಾಭದ್ದೇ. ಎರಡೂ ನಿಜವಾದ ಅಂಕಿಗಳಲ್ಲ ಎಂಬುದೇ ತೊಂದರೆ.

ಸಾಲ ಎಷ್ಟಾಗುತ್ತದೆ?

ನಾಲ್ಕು ವರ್ಷದ ಪದವಿಗೆ ಒಟ್ಟು ಸಾಲ 100 ಎಂದಿಟ್ಟುಕೊಳ್ಳಿ. ಯಾವ ದೇಶದ ಹಣವಾದರೂ ಸರಿ, ಆಮೇಲೆ ಗುಣಿಸಿಕೊಂಡರಾಯಿತು. ಪ್ರತಿ ವರ್ಷದ ಆರಂಭದಲ್ಲಿ 25 ಬಿಡುಗಡೆಯಾಗುತ್ತದೆ, ಬಡ್ಡಿ ವಾರ್ಷಿಕ ಶೇ 8. ಮೊದಲ 25ರ ಮೇಲೆ ನಾಲ್ಕು ವರ್ಷ ಬಡ್ಡಿ ಓಡುತ್ತದೆ, ಎರಡನೆಯದರ ಮೇಲೆ ಮೂರು ವರ್ಷ, ಹೀಗೆ. ಸರಳ ಬಡ್ಡಿ ಹಿಡಿದರೂ ಓದು ಮುಗಿಯುವಷ್ಟರಲ್ಲಿ 20 ಸೇರಿರುತ್ತದೆ. ಕೆಲಸ ಹುಡುಕಲು ಆರು ತಿಂಗಳ ಬಿಡುವು ಸಿಕ್ಕಿದರೆ ಅದಕ್ಕೆ ಇನ್ನೂ 4. ಬಡ್ಡಿಯನ್ನು ಅಸಲಿಗೆ ಸೇರಿಸುವ ಸಾಲವಾದರೆ, ಕಂತು ಶುರುವಾಗುವ ದಿನ ನಿಮ್ಮ ತಲೆಯ ಮೇಲಿರುವುದು 124.

ಇದನ್ನು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 1.50, ಕಟ್ಟುವ ಒಟ್ಟು ಮೊತ್ತ ಸುಮಾರು 180. ಇಪ್ಪತ್ತು ವರ್ಷಕ್ಕೆ ಎಳೆದರೆ ಕಂತು 1.04ಕ್ಕೆ ಇಳಿಯುತ್ತದೆ, ಆದರೆ ಒಟ್ಟು 249 ತಲುಪುತ್ತದೆ. ಕಂತು ಕಡಿಮೆ ಎಂದು ಯಾರಾದರೂ ಹೇಳಿದರೆ ‘ಎಷ್ಟು ವರ್ಷ?’ ಎಂದು ಕೇಳಲೇಬೇಕು. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋಗಲು ಮನೆಯಲ್ಲಿ ಅನುಕೂಲವಿದ್ದರೆ, ಹತ್ತು ವರ್ಷದ ಸಾಲದ ಒಟ್ಟು ಹೊರೆ 180ರಿಂದ ಸುಮಾರು 170ಕ್ಕೆ ಇಳಿಯುತ್ತದೆ.

ಸಂಬಳ ಯಾರದು?

ಹೆಚ್ಚು ಜನ ಎಡವುವುದು ಇಲ್ಲಿ, ಏಕೆಂದರೆ ‘ಸಿಸ್ಟಮ್ಸ್ ಎಂಜಿನಿಯರ್’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ವಿಮಾನ, ಉಪಗ್ರಹ, ರೈಲು, ವೈದ್ಯಕೀಯ ಉಪಕರಣಗಳಂಥ ಸಂಕೀರ್ಣ ವ್ಯವಸ್ಥೆಗೆ ಏನೇನು ಬೇಕೆಂದು ನಿರ್ಧರಿಸಿ, ಬಿಡಿಭಾಗಗಳನ್ನು ಹೊಂದಿಸಿ, ಕೊನೆಯಲ್ಲಿ ಎಲ್ಲವೂ ಒಟ್ಟಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಸಿಸ್ಟಮ್ಸ್ ಎಂಜಿನಿಯರಿಂಗ್. ಐಟಿ ಕಂಪನಿಗಳಲ್ಲಾದರೋ ಸರ್ವರ್ ನೋಡಿಕೊಳ್ಳುವವರಿಗೂ, ಆಗಷ್ಟೇ ಸೇರಿದ ಪ್ರೋಗ್ರಾಮರ್‌ಗಳಿಗೂ ‘ಸಿಸ್ಟಮ್ಸ್ ಎಂಜಿನಿಯರ್’ ಎಂಬ ಹುದ್ದೆಯ ಹೆಸರು ಇರುತ್ತದೆ. ಸಂಬಳದ ಜಾಲತಾಣದಲ್ಲಿ ಈ ಹೆಸರು ಹುಡುಕಿದರೆ ಇವರೆಲ್ಲರ ಸಂಬಳ ಕಲಸಿಹೋಗಿರುತ್ತದೆ. ಹಾಗಾಗಿ ಹುದ್ದೆಯ ಹೆಸರು ಬಿಟ್ಟು ಕೆಲಸದ ವಿವರ ಓದಿ.

ಇನ್ನೊಂದು ಮಾತು. ಈ ಕ್ಷೇತ್ರದಲ್ಲಿ ಬೆಲೆ ಬರುವುದು ಅನುಭವಕ್ಕೆ. ಸಿಸ್ಟಮ್ಸ್ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಮಂಡಳಿ ಇನ್ಕೋಸಿ ಕೊಡುವ ಸಿಎಸ್‌ಇಪಿ (ಸರ್ಟಿಫೈಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ಪ್ರೊಫೆಷನಲ್) ಪ್ರಮಾಣಪತ್ರಕ್ಕೆ ಕನಿಷ್ಠ ಐದು ವರ್ಷ ಕೆಲಸ ಮಾಡಿರಬೇಕು. ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಓದಿ, ಕೆಲಸ ಮಾಡುತ್ತಲೇ ಈ ಕಡೆ ಬಂದವರು ಬಹಳ. ಹತ್ತು ವರ್ಷ ಅನುಭವವಿದ್ದವರ ಸಂಬಳ ತೋರಿಸಿ ನಿಮ್ಮ ಮೊದಲ ಕಂತನ್ನು ಲೆಕ್ಕ ಹಾಕಬೇಡಿ. ಕಂತು ಬರುವುದು ಮೊದಲ ವರ್ಷದಲ್ಲೇ.

ಕಾಲೇಜನ್ನು ‘ಅತಿ ಹೆಚ್ಚು ಪ್ಯಾಕೇಜ್ ಎಷ್ಟು?’ ಎಂದು ಕೇಳಬೇಡಿ. ಸರಾಸರಿಯೂ ಸಾಲದು; ಇಬ್ಬರಿಗೆ ಭಾರೀ ಸಂಬಳ ಸಿಕ್ಕರೆ ಸರಾಸರಿ ಮೇಲೇರುತ್ತದೆ. ಮಧ್ಯಾಂಕ ಕೇಳಿ, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವರ ಸಂಬಳ. ಕೆಲಸ ಸಿಗದವರನ್ನೂ ಎಣಿಸಿದ್ದಾರೆಯೇ ಎಂದು ಕೇಳಿ. ಅಮೆರಿಕದಲ್ಲಿ ಓದುವ ಯೋಚನೆಯಿದ್ದರೆ, ಅಲ್ಲಿನ ಶಿಕ್ಷಣ ಇಲಾಖೆಯ ‘ಕಾಲೇಜ್ ಸ್ಕೋರ್‌ಕಾರ್ಡ್’ ತಾಣದಲ್ಲಿ ಕಾಲೇಜು ಮತ್ತು ವಿಷಯವಾರು ಸಂಬಳ, ಸಾಲ ಎರಡರ ಮಧ್ಯಾಂಕವೂ ಸಿಗುತ್ತದೆ. ಆದರೆ ಆ ಲೆಕ್ಕದಲ್ಲಿರುವುದು ಅಲ್ಲಿನ ಕೇಂದ್ರ ಸರ್ಕಾರದ ನೆರವು ಪಡೆದವರು ಮಾತ್ರ. ಹೊರದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ನೆರವಿಲ್ಲ, ಹಾಗಾಗಿ ಅವರು ಆ ಎಣಿಕೆಯಲ್ಲೂ ಇಲ್ಲ.

ಎರಡನ್ನೂ ಎದುರುಬದುರು ಇಡಿ

ಒಟ್ಟು ಸಾಲ ಮೊದಲ ವರ್ಷದ ಸಂಬಳ ಮೀರಬಾರದು ಎಂಬ ಒರಟು ಲೆಕ್ಕ ಚಾಲ್ತಿಯಲ್ಲಿದೆ. ಅದನ್ನೂ ಪರೀಕ್ಷಿಸಿ ನೋಡೋಣ. ಸಾಲ 124, ವಾರ್ಷಿಕ ಸಂಬಳವೂ 124 ಎನ್ನಿ. ತಿಂಗಳಿಗೆ 10.33 ಬರುತ್ತದೆ, ಅದರಲ್ಲಿ 1.50 ಕಂತಿಗೆ ಹೋಗುತ್ತದೆ. ತೆರಿಗೆ ಕಡಿತಕ್ಕೂ ಮೊದಲೇ ಏಳರಲ್ಲಿ ಒಂದು ಪಾಲು! ಮಿತಿಯೊಳಗಿದ್ದರೂ ಇಷ್ಟು ಬಿಗಿ. ಆದ್ದರಿಂದ ನಾನು ಈ ಲೆಕ್ಕವನ್ನು ಗುರಿ ಎನ್ನುವುದಿಲ್ಲ, ದಾಟಬಾರದ ಗೆರೆ ಎನ್ನುತ್ತೇನೆ. ಕೈಗೆ ಬರುವ ಸಂಬಳದಿಂದ ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸುವ ಹಣ ಕಳೆದು, ಉಳಿದದ್ದರಲ್ಲಿ ಕಂತು ಕೂರುತ್ತದೆಯೇ ನೋಡಿ.

ಸ್ನಾತಕೋತ್ತರ ಪದವಿಯಾದರೆ ಇನ್ನೊಂದು ಸಾಲು ಸೇರಿಸಬೇಕು: ಓದುವ ಎರಡು ವರ್ಷ ಕೈಬಿಟ್ಟುಹೋಗುವ ಸಂಬಳ. ಎರಡು ವರ್ಷ ಕೆಲಸ ಮಾಡಿ, ಕಂಪನಿಯೇ ಶುಲ್ಕ ಕೊಡುವ ಅವಕಾಶ ಸಿಕ್ಕರೆ ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಅನುಭವವೂ ಜೊತೆಗೇ ಬರುತ್ತದೆ.

ಕೊನೆಗೆ, ಇದೇ ಲೆಕ್ಕವನ್ನು ಇನ್ನೆರಡು ಸಲ ಮಾಡಿ. ಒಮ್ಮೆ ಸಂಬಳವನ್ನು ಕಾಲು ಭಾಗ ತಗ್ಗಿಸಿ. ಇನ್ನೊಮ್ಮೆ ಕೆಲಸ ಸಿಗಲು ಒಂದು ವರ್ಷ ಹಿಡಿಯಿತು ಎಂದುಕೊಂಡು. ಆ ವರ್ಷದ ಕಂತು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವ ಹೆಸರು ಜಾಮೀನು ಹಾಕಿದವರದ್ದೇ ಆಗಿದ್ದರೆ, ಸಹಿಗೆ ಮುನ್ನ ಈ ಕಾಗದವನ್ನು ಅವರ ಮುಂದಿಟ್ಟು ಮಾತಾಡಿ.