ಪ್ರೊಸೆಸರ್ ಬದಲಿಸುವ ಮೊದಲು ಒಂದು ವಾರ ಬರೆದಿಟ್ಟ ಲೆಕ್ಕ

ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. 2019ರಲ್ಲಿ ಜೋಡಿಸಿದ ಕಂಪ್ಯೂಟರ್. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್. 4ಕೆ ಶೂಟಿಂಗ್ ಜಾಸ್ತಿ ಆದ ಮೇಲೆ ಅದು ಏದುಸಿರು ಬಿಡತೊಡಗಿತು. ಅಂಗಡಿಯಲ್ಲಿ ಕೇಳಿದರೆ, "ಸಾರ್, ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಹೊಸದು ಹಾಕಿಸಿಬಿಡಿ" ಅಂದರು. ಲೆಕ್ಕ 40 ಸಾವಿರದ ಹತ್ತಿರ ಬಂತು. ಒಂದು ವಾರ ಟೈಮ್ ಕೊಡಿ ಎಂದು ಹೇಳಿ ಮನೆಗೆ ಬಂದೆ.

ಆ ವಾರವೆಲ್ಲ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್ ಕಿಟಕಿ) ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಕಂಪ್ಯೂಟರ್ ನನ್ನನ್ನು ಕಾಯುವಂತೆ ಮಾಡಿದಾಗಲೆಲ್ಲ ನೋಟ್‌ಬುಕ್‌ನಲ್ಲಿ ಗುರುತು ಹಾಕಿದೆ. ಎಡಿಟಿಂಗ್ ನಡುವೆ ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ತಡವರಿಸುವಾಗ ಪ್ರೊಸೆಸರ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ರ‍್ಯಾಮ್ ಮಾತ್ರ ಭರ್ತಿ, ಹಾರ್ಡ್ ಡಿಸ್ಕ್ 100%. ಎಕ್ಸ್‌ಪೋರ್ಟ್ (ಎಡಿಟ್ ಆದ ವಿಡಿಯೊವನ್ನು ಒಂದು ಫೈಲ್ ಆಗಿ ತೆಗೆಯುವುದು) ಶುರುವಾದರೆ ಚಿತ್ರವೇ ಬೇರೆ: ಪ್ರೊಸೆಸರ್‌ನ 12 ಥ್ರೆಡ್‌ಗಳೂ (ಒಂದೇ ಸಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು) ಕೊನೆತನಕ 100%. ಅಂದರೆ ಕಾಯಿಲೆ ಎರಡು, ಮದ್ದೂ ಎರಡು.

ಇಲ್ಲಿ ಒಂದು ಎಚ್ಚರ ಬೇಕು. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಥ್ರೆಡ್‌ಗಳ ಒಟ್ಟು ಲೆಕ್ಕ. 12 ಥ್ರೆಡ್‌ನಲ್ಲಿ ಒಂದೇ ಒಂದು ಪೂರ್ತಿ ದುಡಿದರೂ ಕಾಣುವುದು 8% ಅಷ್ಟೇ. ಪ್ರೊಸೆಸರ್ ಸುಮ್ನೆ ಕೂತಿದೆ ಅನ್ನಿಸುತ್ತದೆ, ಅಲ್ವಾ? ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ಆಯ್ದುಕೊಂಡರೆ ಒಂದೊಂದು ಥ್ರೆಡ್ಡೂ ಬೇರೆಬೇರೆಯಾಗಿ ಕಾಣುತ್ತದೆ.

ಮೊದಲು ಇನ್ನೊಂದು 16 ಜಿಬಿ ರ‍್ಯಾಮ್ ಹಾಕಿದೆ. ನಡೆಯುತ್ತಿರುವ ಕೆಲಸದ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಗೆ ಸಾಗಿಸಿದೆ. ತಡವರಿಕೆ ಮುಕ್ಕಾಲುಪಾಲು ಹೋಯಿತು.

ಉಳಿದದ್ದು ಎಕ್ಸ್‌ಪೋರ್ಟ್. ನೋಟ್‌ಬುಕ್ ತಿರುವಿದಾಗ ಒಂದು ವಿಷಯ ಹೊಳೆಯಿತು. ಉದ್ದದ ವಿಡಿಯೊಗಳನ್ನೆಲ್ಲ ನಾನು ರಾತ್ರಿ ಹಾಕಿ ಮಲಗುತ್ತೇನೆ. ಅದು ಎರಡು ಗಂಟೆ ತಗೊಂಡರೇನು, ಒಂದು ಗಂಟೆ ತಗೊಂಡರೇನು? ದಿನ ತಿನ್ನುತ್ತಿದ್ದದ್ದು ಹೈಲೈಟ್ಸ್ ಮತ್ತು ರೀಲ್ಸ್. ಮದುವೆ ಮನೆಯವರು ಮೂರು ಸಲ ತಿದ್ದಿಸುತ್ತಾರೆ, ಮೂರು ಸಲವೂ ಕಾಯಬೇಕು. ಹಗಲಿನ ಈ ಕಾಯುವಿಕೆ ಮಾತ್ರ ಕೂಡಿದರೆ ವಾರಕ್ಕೆ ಸುಮಾರು 9 ಗಂಟೆ.

ರೈಜನ್ 5 5600 ಕೂಡ ನನ್ನ ಬೋರ್ಡ್‌ನಲ್ಲಿರುವ ಅದೇ ಎಎಂ4 ಸಾಕೆಟ್‌ನದು (ಪ್ರೊಸೆಸರ್ ಕೂರುವ ಜಾಗ). 6 ಕೋರ್ (ಒಂದೊಂದರಲ್ಲೂ ಎರಡು ಥ್ರೆಡ್), 65 ವ್ಯಾಟ್, ಎಲ್ಲ ನನ್ನ ಹಳೆಯದರಂತೆಯೇ. ಆದರೆ ಒಂದೊಂದು ಕೋರೂ ತುಂಬ ಚುರುಕು, ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16ರ ಬದಲು 32 ಎಂಬಿ. ಮೂರನೇ ಒಂದು ಭಾಗ ಸಮಯ ಉಳಿದರೂ ವಾರಕ್ಕೆ 3 ಗಂಟೆ. ಸುಮಾರು 11 ಸಾವಿರಕ್ಕೆ ಇದು ಬೇಕೇ ಬೇಕು ಅನ್ನಿಸಿತು. 40 ಸಾವಿರಕ್ಕೆ ಖಂಡಿತ ಅಲ್ಲ.

ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ಬೋರ್ಡ್‌ನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹಳೆ ಬೋರ್ಡ್ ಹೊಸದನ್ನು ಗುರುತಿಸದೇ ಹೋಗಬಹುದು. ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ಹಾಗಾಗಿ ಯುಪಿಎಸ್ ಬಿಟ್ಟು ಮಾಡಬೇಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ಅದನ್ನು ಕೇಳಬಹುದು.

ನನಗೆ ಹೆದರಿಕೆ ಇದ್ದದ್ದು ಪ್ರೊಸೆಸರ್ ಮೇಲೆ ಕೂತ ಕೂಲರ್ (ತಣ್ಣಗಿಡುವ ಫ್ಯಾನ್) ತೆಗೆಯುವಾಗ. ಇವೆರಡರ ನಡುವೆ ಶಾಖ ಸಾಗಿಸಲು ಹಚ್ಚಿದ, ವರ್ಷಗಟ್ಟಲೆ ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತದೆ. ನೇರ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬರಬಹುದು, ಅಡಿಯಲ್ಲಿರುವ 1331 ಪಿನ್‌ಗಳಲ್ಲಿ ಯಾವುದಾದರೂ ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ವೈರ್ ಕಿತ್ತೆ. ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿದೆ. ಚಿಟ್ ಅಂತ ಸಣ್ಣ ಸದ್ದಾಯಿತು, ಬಿಟ್ಟುಕೊಂಡಿತು. ಪ್ರೊಸೆಸರ್ ಅಲುಗಲಿಲ್ಲ.

14 ನಿಮಿಷ ಹಿಡಿಯುತ್ತಿದ್ದ ಹೈಲೈಟ್ಸ್ ಈಗ 9 ನಿಮಿಷಕ್ಕೆ ಮುಗಿಯುತ್ತದೆ. ಹೋದ ತಿಂಗಳು ಮದುಮಗಳ ತಾಯಿ ತಮ್ಮ ಅಣ್ಣನ ಶಾಟ್ ಸೇರಿಸಿ ಅಂದರು. ಅವರು ಟೀ ಕುಡಿದು ಮುಗಿಸುವಷ್ಟರಲ್ಲಿ ಪೆನ್‌ಡ್ರೈವ್ ಕೈಗೆ ಕೊಟ್ಟೆ.

ಹಳೆಯ 2600 ತಂಗಿ ಮಗನಿಗೆ ಹೋಯಿತು. ಅವನ ಕಂಪ್ಯೂಟರ್‌ನಲ್ಲಿದ್ದ ರೈಜನ್ 3 1200 ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ, 2600 ಇದೆ.